ಅಪ್‌ಡೇಟ್: ಖಾಲಿ ಸೈಟಿನ ಕಸದ ಕಥೆ

ಹಾಸನದ ನಮ್ಮ ಬೀದಿ ಕೊನೆಯ ಖಾಲಿ ಸೈಟಿಗೆ ಕಸ ಎಸೆಯುತ್ತಾರೆ, ಬೆಂಕಿಯನ್ನೂ ಹಚ್ಚುತ್ತಾರೆ, ಏನು ಮಾಡೋದು ಅಂತ ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದಂತೆ ಫೋಟೊ ಸಮೇತ ಅರ್ಜಿ ಕೊಟ್ಟೆ. ಬೀದಿಯಲ್ಲಿ ಕಸ ಸುಡುವಂತಿಲ್ಲ ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತಲ್ಲ, ಅದನ್ನೂ ಬರೆದೆ. ಎರಡು ಸಲ ಅಲೆದ ಮೇಲೆ ಟ್ರ್ಯಾಕ್ಟರ್ ಬಂತು, ಜಾಗ ಕ್ಲೀನ್ ಆಯಿತು.

ಮೂರೇ ದಿನ! ಮತ್ತೆ ಅದೇ ಕವರುಗಳು. ವಿಚಾರಿಸಿದರೆ, ಕಸದ ಗಾಡಿ ಬರೋದೇ ಒಂಬತ್ತೂವರೆಗೆ. ಅಷ್ಟರಲ್ಲಿ ಅರ್ಧ ಬೀದಿ ಕೆಲಸಕ್ಕೆ ಹೋಗಿರುತ್ತದೆ. ಪಾಪ, ಅವರಾದರೂ ಏನು ಮಾಡಬೇಕು ಅಲ್ವಾ? ಗಾಡಿಯವರನ್ನೇ ಕೇಳಿಕೊಂಡೆವು. ಈಗ ಏಳೂವರೆಗೇ ಹಾಡು ಹಾಕಿಕೊಂಡು ಬರುತ್ತಾರೆ.

ಪಕ್ಕದ ಮನೆ ಅಜ್ಜಿ ಆ ಮೂಲೆಯಲ್ಲಿ ದಿನಾ ರಂಗೋಲಿ ಬಿಡುತ್ತಾರೆ. ಅದರ ಮೇಲೆ ಕಸ ಹಾಕೋಕೆ ಇನ್ನೂ ಯಾರಿಗೂ ಧೈರ್ಯ ಬಂದಿಲ್ಲ. ಯಾರೋ ಮನೆ ಒಡೆದು ಸುರಿದ ಇಟ್ಟಿಗೆ ಚೂರು ಮಾತ್ರ ಹಾಗೇ ಬಿದ್ದಿದೆ.