ಬೆಳಗ್ಗೆ ಎದ್ದಾಗ ಕಣ್ಣು ಊದಿರುತ್ತದೆ, ನಿಮ್ಮನೆಯಲ್ಲಿ ಏನು ಮಾಡುತ್ತೀರಿ?

ಹಾಸನದಿಂದ ಕೇಳುತ್ತಿದ್ದೇನೆ. ಲೆಕ್ಕ ಬರೆಯುವ ಕೆಲಸ, ಮಾರ್ಚ್ ಬಂದರೆ ರಾತ್ರಿ ಹನ್ನೊಂದರವರೆಗೂ ಕಂಪ್ಯೂಟರ್ ಮುಂದೆ. ಬೆಳಗ್ಗೆ ಎದ್ದರೆ ಕಣ್ಣ ಕೆಳಗೆ ಚೀಲ ಕಟ್ಟಿದ ಹಾಗೆ. ನೋವಿಲ್ಲ, ಕೆಂಪಿಲ್ಲ. ಆಫೀಸಿನಲ್ಲಿ "ರಾತ್ರಿ ಅತ್ತಿದ್ದಾ?" ಅಂತ ಕೇಳುತ್ತಾರೆ. ಸೊಪ್ಪು, ಹೂವು, ಬೇರು ಏನಾದರೂ ಮಾಡಿ ನೋಡಿದವರು ಹೇಳಿ.

ಮೂಡಿಗೆರೆಯಿಂದ:
ನಂದಿಬಟ್ಟಲು ಹೂವು. ಗಿರಗಿಟ್ಲೆಯ ಹಾಗೆ ತಿರುಚಿದ ಐದು ಎಸಳಿನ ಬಿಳಿ ಹೂವು ಇದೆಯಲ್ಲ, ಅದೇ. ಸೌದೆ ಒಲೆಯ ಹೊಗೆಗೆ ಕಣ್ಣು ಉರಿದಾಗ ನಮ್ಮತ್ತೆ ಮಾಡುತ್ತಿದ್ದದ್ದು ಇದೊಂದೇ. ತೊಟ್ಟು ಪೂರ್ತಿ ತೆಗೆದು ತೊಳೆಯಿರಿ. ಕಾಯಿಸಿ ಆರಿಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಣ್ಣು ಮುಚ್ಚಿಕೊಂಡು ರೆಪ್ಪೆಯ ಮೇಲೆ ಇಟ್ಟು ಹತ್ತು ನಿಮಿಷ ಮಲಗಿ. ತೊಟ್ಟು ಯಾಕೆ ತೆಗೆಯಬೇಕು ಅಂದರೆ, ಮುರಿದ ಕಡೆ ಬಿಳಿ ಹಾಲು ಬರುತ್ತದೆ. ಅದು ಕಣ್ಣಿಗೆ ಹೋಗಬಾರದು. ನಾನು ಚಿಕ್ಕವಳಿದ್ದಾಗ ಯಾರೋ ಹೇಳಿದರು ಅಂತ ಹೂವು ಜಜ್ಜಿ ಕಣ್ಣಿಗೇ ಹಿಂಡಿಕೊಂಡಿದ್ದೆ. ಎರಡು ದಿನ ಕಣ್ಣು ಬಿಡಲಾಗಲಿಲ್ಲ.
ಹೂವಿನ ಗುಣವೋ ತಣ್ಣೀರಿನ ಗುಣವೋ, ಕೇಳಬೇಡಿ. ಬರೀ ಒದ್ದೆ ಬಟ್ಟೆ ಇಟ್ಟಾಗಲೂ ಅರ್ಧ ಇಳಿದದ್ದುಂಟು.

ಹೊಳೆನರಸೀಪುರದಿಂದ:
ಹಾಸನದಲ್ಲಿದ್ದುಕೊಂಡು ಆಲೂಗಡ್ಡೆ ಬಿಟ್ಟು ಹೂವು ಹುಡುಕುತ್ತೀರಾ? ತೊಳೆದು, ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ ಫ್ರಿಜ್ಜಿನಲ್ಲಿಡಿ. ತಣ್ಣಗಾದ ಮೇಲೆ ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಳ್ಳಿ. ಆಮೇಲೆ ಮುಖ ತೊಳೆಯಿರಿ, ಅಂಟಂಟಾಗಿರುತ್ತದೆ. ಸೌತೆಕಾಯಿಯೂ ಅಷ್ಟೇ, ಅದರಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ನೀರೇ.

ಚಿಕ್ಕಮಗಳೂರಿನಿಂದ:
ನಮ್ಮೂರವರೇ ಕಾಫಿ ಚರಟ ಹಚ್ಚಿ ಅಂತಾರೆ. ಬೇಡ! ಹರಳು ಹರಳಾಗಿರುತ್ತದೆ, ಒಂದು ಚೂರು ಒಳಗೆ ಹೋದರೆ ಸಾಕು. ನಾನು ಟೀ ಸೊಪ್ಪು ಕುದಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾದ ಮೇಲೆ ಹತ್ತಿ ಅದ್ದಿ ಮುಚ್ಚಿದ ಕಣ್ಣಿನ ಮೇಲೆ ಇಡುತ್ತೇನೆ. ಅದರಲ್ಲಿರುವ ಕೆಫೀನ್ ರಕ್ತನಾಳವನ್ನು ಸ್ವಲ್ಪ ಬಿಗಿ ಮಾಡುತ್ತದೆ. ಕಾಫಿನಾಡಿನಲ್ಲಿ ಕೂತು ಟೀ ಹೊಗಳಿದೆ ಅಂತ ನಮ್ಮನೆಯವರಿಗೆ ಹೇಳಬೇಡಿ.

ಬೇಲೂರಿನಿಂದ:
ಹೂವು, ಕಾಯಿ ಎಲ್ಲ ಸರಿ. ರಾತ್ರಿ ಊಟಕ್ಕೆ ಏನು ತಿನ್ನುತ್ತೀರಿ? ಉಪ್ಪು ಜಾಸ್ತಿಯಾದರೆ ಮೈ ನೀರು ಹಿಡಿದುಕೊಳ್ಳುತ್ತದೆ, ಮಲಗಿದಾಗ ಅದು ಕಣ್ಣ ಕೆಳಗಿನ ತೆಳು ಚರ್ಮದಲ್ಲಿ ನಿಲ್ಲುತ್ತದೆ. ದಿಂಬು ಸ್ವಲ್ಪ ಎತ್ತರ ಮಾಡಿ ನೋಡಿ.
ಇನ್ನೊಂದು ಮಾತು. ನಮ್ಮ ಯಜಮಾನರಿಗೆ ಎರಡು ತಿಂಗಳು ಸುಮ್ನೆ ಸೌತೆಕಾಯಿ ಇಟ್ಟೆವು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್. ಕಾಲೂ ಊದಿದರೆ, ಮೂತ್ರ ನೊರೆ ನೊರೆಯಾದರೆ, ಒಂದೇ ಕಣ್ಣು ಕೆಂಪಾಗಿ ನೋವಾದರೆ, ದೃಷ್ಟಿ ಮಂಜಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಕೇಳಿದವಳೇ, ಹತ್ತು ದಿನದ ಮೇಲೆ:
ಬೇಲೂರಿನ ಅಕ್ಕ ಸಿಕ್ಕಿಹಾಕಿಸಿಬಿಟ್ಟರು. ರಾತ್ರಿ ದಿನವೂ ಮೊಸರನ್ನಕ್ಕೆ ನಾಲ್ಕು ಬಾಳಕದ ಮೆಣಸಿನಕಾಯಿ, ಮೇಲೆ ಉಪ್ಪಿನಕಾಯಿ! ಎರಡೂ ಬಿಟ್ಟೆ, ಮುಕ್ಕಾಲು ಇಳಿದಿದೆ. ನಂದಿಬಟ್ಟಲು ಓನರ್ ಮನೆ ಕಾಂಪೌಂಡಿನಲ್ಲೇ ಇದೆ. ಪೂಜೆಗೆ ಅಂತ ಕೇಳಿ ದಿನಾ ಎರಡು ತರುತ್ತಿದ್ದೇನೆ.