ಅವ್ವನ ಟ್ರಂಕಿನಲ್ಲಿದ್ದ 1979ರ ಕಾಗದಗಳು: ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಗ್ರೂಪಿನ ಸದಸ್ಯೆ, 52 ವರ್ಷ, ಕೊಥ್ರೂಡ್, ಪುಣೆ)

ಡಾಕ್ಟರರಿಗೆ ನಮಸ್ಕಾರಗಳು. ನಮ್ಮದು ಬಾಗಲಕೋಟೆ ಕಡೆಯ ಮನೆತನ. ತಂದೆಯವರು ಖಡಕಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ನಾವು ಪುಣೆಯವರೇ ಆಗಿದ್ದೇವೆ. ಅವ್ವ ತೀರಿಕೊಂಡು ವರ್ಷವಾದ ಮೇಲೆ ಹಳೆಯ ಮನೆ ಖಾಲಿ ಮಾಡುವಾಗ ಅವಳ ಟ್ರಂಕಿನ ತಳದಲ್ಲಿ 1979ರ ಕೆಲವು ಕಾಗದಗಳು ಸಿಕ್ಕವು. ಮ್ಯಾಜಿಸ್ಟ್ರೇಟರ ಮೊಹರಿರುವ ಆದೇಶವೊಂದು, ಅದರ ಜೊತೆಗಿನ ಅರ್ಜಿಯ ಕೊನೆಗೆ ತಂದೆಯವರ ಸಹಿ, ಸರ್ಕಾರಿ ಮಾನಸಿಕ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು ಮತ್ತು ನಂತರದ ವರ್ಷಗಳ ಔಷಧದ ಚೀಟಿಗಳು. ಚೀಟಿಗಳಲ್ಲಿ ಲಿಥಿಯಂ ಎಂಬ ಗುಳಿಗೆಯ ಹೆಸರು ಮತ್ತೆ ಮತ್ತೆ ಬರುತ್ತದೆ.

ಆಗ ನನಗೆ ಆರು ವರ್ಷ. ತಮ್ಮ ಹುಟ್ಟಿದ ಸ್ವಲ್ಪ ದಿನಕ್ಕೇ ಅವ್ವನಿಗೆ ಕಾಮಾಲೆಯಾಗಿ ತವರಿಗೆ ಹೋಗಿದ್ದಾಳೆ ಎಂದು ನಮಗೆ ಹೇಳಿದ್ದರು. ಇಷ್ಟು ವರ್ಷ ನಾನು ಅದನ್ನೇ ನಂಬಿದ್ದೆ. ಚಿಗವ್ವನನ್ನು ಕೇಳಿದಾಗ ಮೊದಲು ಅಲ್ಲಗಳೆದು, ಕೊನೆಗೆ ‘ಬಾಣಂತಿ ಸನ್ನಿ ಆಗಿತ್ತು, ಆಮೇಲೂ ಎರಡು ಮೂರು ಸಲ ತಲಿ ಕೆಟ್ಟಿತ್ತು’ ಎಂದಳು. ಅವ್ವನ ಸೋದರಮಾವನೊಬ್ಬ ಕಾಲು ಜಾರಿ ಬಾವಿಗೆ ಬಿದ್ದು ಸತ್ತ ಎಂದು ನಾವು ಕೇಳಿಕೊಂಡು ಬಂದ ಕಥೆಯೂ ನಿಜವಲ್ಲವಂತೆ.

ಮುಟ್ಟು ನಿಂತ ಮೇಲೆ ನನಗೆ ಖಿನ್ನತೆ ಬಂದು, ಎರಡು ವರ್ಷದಿಂದ ನಮ್ಮ ಫ್ಯಾಮಿಲಿ ಡಾಕ್ಟರು ಕೊಟ್ಟ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಇತ್ತೀಚೆಗೆ ಪ್ರಮಾಣ ಹೆಚ್ಚಿಸಿದ ಮೇಲೆ ಹತ್ತು ಹನ್ನೆರಡು ದಿನ ಮೂರು ತಾಸು ಮಲಗಿದರೂ ದಣಿವೇ ಇರಲಿಲ್ಲ. ಮಾತು ಹೆಚ್ಚಿತ್ತು, ಬೇಡದ ಸೀರೆಗಳನ್ನೆಲ್ಲ ಕೊಂಡೆ. ಮನೆಯವರು ‘ಅಂತೂ ಮೊದಲಿನ ಹಾಗೆ ಆದೆ’ ಎಂದು ಸಂತೋಷಪಟ್ಟರು. ಮಗಳು ಈಗ ಐದು ತಿಂಗಳ ಗರ್ಭಿಣಿ, ಚೊಚ್ಚಲ ಹೆರಿಗೆಗೆ ನಮ್ಮ ಮನೆಗೇ ಬರುತ್ತಾಳೆ. ತಂದೆಯವರು ಅವ್ವನನ್ನು ಕೋರ್ಟಿನ ಮೂಲಕ ಕೂಡಿಹಾಕಿಸಿದರೇ? ಅವ್ವನ ಕಾಯಿಲೆ ನನಗೂ ಬಂದಿದೆಯೇ? ಮಗಳಿಗೆ ಇದನ್ನೆಲ್ಲ ಈ ಹೊತ್ತಿನಲ್ಲಿ ಹೇಳಬೇಕೇ?

ಉತ್ತರ (ಮನೋವೈದ್ಯರು)

ನೀವು ಕೊನೆಯಲ್ಲಿ ಬರೆದ ಹತ್ತು ಹನ್ನೆರಡು ದಿನಗಳ ವಿಷಯವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ತುರ್ತಾದದ್ದು ಅದೊಂದೇ. ನಿದ್ದೆ ಕಡಿಮೆಯಾದರೂ ದಣಿವಿಲ್ಲದಿರುವುದು, ಮಾತು ಮತ್ತು ಖರ್ಚು ಏರುವುದು, ಇವು ನಾಲ್ಕು ದಿನಕ್ಕಿಂತ ಹೆಚ್ಚು ಮುಂದುವರಿದರೆ ನಾವು ಅದನ್ನು ಖಿನ್ನತೆಯಿಂದ ಚೇತರಿಸಿಕೊಂಡದ್ದೆಂದು ತಿಳಿಯದೆ, ಲಘು ಉನ್ಮಾದವಿರಬಹುದೇ ಎಂದು ಪರೀಕ್ಷಿಸುತ್ತೇವೆ. ಹತ್ತಿರದ ರಕ್ತಸಂಬಂಧಿಗೆ ಬೈಪೋಲಾರ್, ಅಂದರೆ ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆ ಇದ್ದವರಿಗೆ ಖಿನ್ನತೆಯ ಗುಳಿಗೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಇನ್ನೊಂದು ತುದಿಗೆ ಹಾರುವುದುಂಟು. ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ಈ ಚರಿತ್ರೆ ತಿಳಿದಿರಲು ಸಾಧ್ಯವೇ ಇರಲಿಲ್ಲ, ನಿಮಗೇ ತಿಳಿದಿರಲಿಲ್ಲವಲ್ಲ. ಈ ವಾರದೊಳಗೆ ಮನೋವೈದ್ಯರೊಬ್ಬರನ್ನು ಕಾಣಿರಿ, ಹೋಗುವಾಗ ಆ ಚೀಟಿಗಳನ್ನೂ, ಆ ದಿನಗಳಲ್ಲಿ ನಿಮ್ಮನ್ನು ಕಂಡ ಮನೆಯವರೊಬ್ಬರನ್ನೂ ಕರೆದೊಯ್ಯಿರಿ. ಗುಳಿಗೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು, ಅದರಿಂದ ಬೇರೆಯೇ ತೊಂದರೆಗಳು ಏಳುತ್ತವೆ. ಥೈರಾಯ್ಡ್ ಪರೀಕ್ಷೆಯೂ ಆಗಲಿ, ಅದರ ಏರುಪೇರು ಖಿನ್ನತೆಯಂತೆಯೂ ಉನ್ಮಾದದಂತೆಯೂ ತೋರಬಲ್ಲದು. ಗ್ರೂಪಿಗೆ ಬಂದ ಪತ್ರವನ್ನಷ್ಟೇ ಓದಿ ರೋಗನಿರ್ಣಯ ಮಾಡಲಾಗದು ಎಂಬುದನ್ನು ಹೇಳಲೇಬೇಕಾಗಿದೆ.

ಇನ್ನು ಕಾಗದಗಳು. 1979ರಲ್ಲಿ ಜಾರಿಯಲ್ಲಿದ್ದದ್ದು 1912ರ ಭಾರತೀಯ ಲ್ಯೂನಸಿ ಕಾಯ್ದೆ, ಅಂದರೆ ಹುಚ್ಚಿನ ಕುರಿತ ಕಾಯ್ದೆ. ಯೆರವಡಾದ ಮಾನಸಿಕ ಆಸ್ಪತ್ರೆ ಇರಲಿ, ಠಾಣೆಯದಿರಲಿ, ನಿಮ್ಮ ಊರ ಕಡೆಯ ಧಾರವಾಡದ್ದಿರಲಿ, ತಾನಾಗಿ ಒಪ್ಪಿ ಬರುವ ಸ್ಥಿತಿಯಲ್ಲಿ ಇಲ್ಲದ ರೋಗಿಯನ್ನು ಸೇರಿಸಲು ಮನೆಯವರು ಇಬ್ಬರು ವೈದ್ಯರ ಪ್ರಮಾಣಪತ್ರಗಳೊಡನೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕಿತ್ತು, ಮತ್ತು ಆ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ ಗಂಡ ಅಥವಾ ಹೆಂಡತಿಯೇ ಹಾಕಬೇಕೆಂದು ಕಾಯ್ದೆಯೇ ಬಯಸುತ್ತಿತ್ತು. ಆದುದರಿಂದ ತಂದೆಯವರ ಸಹಿಯೊಂದರಿಂದಲೇ ಅವರ ಮನಸ್ಸನ್ನು ಓದಲಾಗದು. ಕೂಡಿಹಾಕುವ ಉದ್ದೇಶದಿಂದ ಹೆಂಡತಿಯನ್ನು ಸೇರಿಸಿ ಮರೆತ ಗಂಡಂದಿರು ಇದ್ದರು ಎಂಬುದೂ ಸುಳ್ಳಲ್ಲ. ಆದರೆ ಡಿಸ್ಚಾರ್ಜ್ ಕಾರ್ಡು ಇದೆ, ಅನಂತರ ವರ್ಷಗಟ್ಟಲೆ ಬರೆಸಿದ ಚೀಟಿಗಳಿವೆ. ಅಂದರೆ ಯಾರೋ ಅವರನ್ನು ಮನೆಗೆ ಕರೆತಂದು, ಔಷಧ ತಪ್ಪದಂತೆ ನೋಡಿಕೊಂಡಿದ್ದಾರೆ. ಆ ಕಾಯ್ದೆ ಹೋಗಿ 1987ರದ್ದು ಬಂತು, ಈಗ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅದು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಈಗ ಒಪ್ಪಿಗೆಯಿಲ್ಲದೆ ದಾಖಲಿಸುವುದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕೇ ಬೇಕೆಂದಿಲ್ಲ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ರೋಗಿಯೇ ಮೊದಲೇ ಹೆಸರಿಸಿಡಬಹುದು.

ಲಿಥಿಯಂ ನನಗೆ ಹೆಚ್ಚು ಹೇಳುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದದ ರೋಗಿಗಳಿಗೆ ಅದು ಹಿಡಿಸುತ್ತದೆ ಎಂದು ತೋರಿಸಿದರು, ಇಂದಿಗೂ ಬೈಪೋಲಾರ್ ಕಾಯಿಲೆಯ ಮುಖ್ಯ ಔಷಧಗಳಲ್ಲಿ ಅದೊಂದು. ಆ ಕಾಲದ ಡಿಸ್ಚಾರ್ಜ್ ಕಾರ್ಡುಗಳಲ್ಲಿ ಉನ್ಮಾದವನ್ನು ಸ್ಕಿಜೋಫ್ರೇನಿಯಾ ಎಂಬ ಬೇರೆಯೇ ಮಾನಸಿಕ ಕಾಯಿಲೆ ಎಂದು ಬರೆದದ್ದನ್ನು ನಾವು ನೋಡಿದ್ದೇವೆ, ಹೀಗಾಗಿ ಕಾರ್ಡಿನ ಮೇಲೆ ಬರೆದ ರೋಗದ ಹೆಸರಿಗಿಂತ ಕಾಯಿಲೆ ನಡೆದುಬಂದ ರೀತಿಯೇ ನಂಬಲರ್ಹ. ಹೆರಿಗೆಯ ಬೆನ್ನಿಗೆ ಶುರುವಾದದ್ದು, ನಡುವಿನ ವರ್ಷಗಳಲ್ಲಿ ಪೂರ್ತಿ ಚೆನ್ನಾಗಿದ್ದು ಸಂಸಾರ ನಡೆಸಿದ್ದು, ಲಿಥಿಯಂ ಹಿಡಿಸಿದ್ದು, ಈ ಮೂರೂ ಬೈಪೋಲಾರ್ ಕಡೆಗೇ ಬೊಟ್ಟು ಮಾಡುತ್ತವೆ. ತಾಯಿಗೆ ಲಿಥಿಯಂ ಹಿಡಿಸಿದ್ದರೆ, ಅಗತ್ಯ ಬಿದ್ದಾಗ ಮಕ್ಕಳಿಗೂ ಹಿಡಿಸುವ ಸಂಭವ ಹೆಚ್ಚು. ನಿಮ್ಮ ವೈದ್ಯರಿಗೆ ಇದು ಬಹಳ ಉಪಯೋಗದ ಸುಳಿವು. ಚಿಗವ್ವನವರನ್ನು ಇನ್ನೊಮ್ಮೆ ಮಾತಾಡಿಸುವುದಾದರೆ, ಏನು ರೋಗ ಎಂದು ಕೇಳಬೇಡಿರಿ. ಎಷ್ಟನೆಯ ವಯಸ್ಸಿನಲ್ಲಿ, ಎಷ್ಟು ದಿನ, ನಿದ್ದೆ ಹೇಗಿತ್ತು, ಮಾತು ಹೇಗಿತ್ತು, ನಡುವೆ ಅಡಿಗೆ ಕೆಲಸ ಮಾಡುತ್ತಿದ್ದರೇ, ಮತ್ತೆ ಯಾವಾಗ ಬಂತು ಎಂದು ಕೇಳಿರಿ. ಬಾವಿಯ ವಿಷಯವನ್ನೂ ಕೇಳಿರಿ. ಮನೆತನದಲ್ಲಿ ಆತ್ಮಹತ್ಯೆ ನಡೆದಿದ್ದರೆ ಅದು ವೈದ್ಯರಿಗೆ ತಿಳಿದಿರಬೇಕಾದ ಸಂಗತಿ.

ಅಂಕಿಗಳ ಮಾತು. ಬೈಪೋಲಾರ್ ಕಾಯಿಲೆ ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಬರುತ್ತದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಸುಮಾರು ಐದರಿಂದ ಹತ್ತು ಜನರಿಗೆ. ಅಂದರೆ ಅಂಥ ಮನೆಗಳಲ್ಲಿಯೂ ತೊಂಬತ್ತು ಜನರಿಗೆ ಅದು ಬರುವುದಿಲ್ಲ. ಒಂದೇ ವಂಶವಾಹಿಯಿಂದ ಬರುವ ಕಾಯಿಲೆ ಇದಲ್ಲವಾದ್ದರಿಂದ ರಕ್ತ ಪರೀಕ್ಷೆಯಿಂದ ಹೇಳಲಾಗದು, ಜಾಹೀರಾತು ನೋಡಿ ಡಿಎನ್‌ಎ ಪರೀಕ್ಷೆಗೆ ಹಣ ಸುರಿಯಬೇಡಿರಿ.

ಮಗಳಿಗೆ ಹೇಳಬೇಕು, ಮತ್ತು ಹೆರಿಗೆಗೆ ಮೊದಲೇ ಹೇಳಬೇಕು. ಚಿಗವ್ವನವರು ಹೇಳಿದ ಬಾಣಂತಿ ಸನ್ನಿಯ ತೀವ್ರ ರೂಪ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣಿಸುತ್ತದೆ, ಬೈಪೋಲಾರ್ ಇರುವ ಮನೆತನಗಳಲ್ಲಿ ಅದಕ್ಕಿಂತ ಹೆಚ್ಚು. ಅದು ಬರುವುದು ಬಹುಪಾಲು ಮೊದಲ ಎರಡು ವಾರಗಳಲ್ಲಿ, ಮತ್ತು ಬೇಗ ಏರುತ್ತದೆ: ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿರುವುದು, ಗಲಿಬಿಲಿ, ಮನೆಯವರ ಮೇಲೆ ಅನುಮಾನ, ಕೂಸಿನ ಬಗ್ಗೆ ವಿಚಿತ್ರ ನಂಬಿಕೆಗಳು. ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಗಾಳಿ ಸೋಕಿತೆಂದು ದೃಷ್ಟಿ ತೆಗೆಯುತ್ತ ಕೂರುವ ಹೊತ್ತಲ್ಲ ಅದು. ನಮ್ಮ ಬಾಣಂತನದ ಕೋಣೆಯ ಬಗ್ಗೆ ನನಗೆ ಗೌರವವಿದೆ, ಆದರೆ ಹೊರಗಿನವರು ಬಾರದ ಆ ಕೋಣೆಯಲ್ಲಿ ಬಾಣಂತಿಯ ಮನಸ್ಸು ಕದಡಿದ್ದು ತಡವಾಗಿ ಗೊತ್ತಾಗುತ್ತದೆ. ಹೆರಿಗೆ ಡಾಕ್ಟರಿಗೆ ಈಗಲೇ ಅಜ್ಜಿಯ ಚರಿತ್ರೆ ತಿಳಿಸಿರಿ. ಮೊದಲ ವಾರಗಳಲ್ಲಿ ಮಗಳಿಗೆ ರಾತ್ರಿ ಒಂದೇ ಸಮನೆ ನಾಲ್ಕೈದು ತಾಸು ನಿದ್ದೆ ಸಿಗುವಂತೆ ಕೂಸನ್ನು ಬೇರೆಯವರು ನೋಡಿಕೊಳ್ಳಲಿ. ಆ ಬೇರೆಯವರು ನೀವೊಬ್ಬರೇ ಆಗಬಾರದು, ನಿಮ್ಮ ನಿದ್ದೆಯೂ ಈಗ ಅಷ್ಟೇ ಮುಖ್ಯ.

ಮರುಪ್ರಶ್ನೆ (ಅದೇ ಸದಸ್ಯೆ)

ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ತಮ್ಮನಿಗೆ ಹೇಗೆ ಹೇಳುವುದು ಎಂಬುದೇ ತೋಚುತ್ತಿಲ್ಲ. ಅವನು ಹುಟ್ಟಿದ್ದಕ್ಕೇ ಅವ್ವನಿಗೆ ಹೀಗಾಯಿತು ಎಂದು ತಿಳಿದುಕೊಂಡರೆ?

ಉತ್ತರ

ಹಾಗೆ ತಿಳಿಯುವ ಸಂಭವವಿದೆ, ಆದ್ದರಿಂದ ಫೋನಿನಲ್ಲಿ ಹೇಳಬೇಡಿರಿ. ಹೆರಿಗೆ ಆ ಕಾಯಿಲೆಗೆ ಕಾರಣವಲ್ಲ; ದೇಹದಲ್ಲಿ ಮೊದಲೇ ಇದ್ದ ಒಲವು ಹಾರ್ಮೋನುಗಳ ಇಳಿತ ಮತ್ತು ನಿದ್ರಾಭಂಗದಿಂದ ಆ ಹೊತ್ತಿಗೆ ಹೊರಬಿದ್ದಿರುತ್ತದೆ, ಮತ್ತು ಅನಂತರದ ಸಲಗಳಲ್ಲಿ ಯಾವ ಕೂಸೂ ಇರಲಿಲ್ಲ ಎಂಬುದನ್ನು ಅವರಿಗೆ ತೋರಿಸಿರಿ. ಅವರ ಮಕ್ಕಳೂ ಅದೇ ಅಜ್ಜಿಯ ಮೊಮ್ಮಕ್ಕಳು. ಹದಿನೈದರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿಯೇ ಈ ಕಾಯಿಲೆ ಹೆಚ್ಚಾಗಿ ತಲೆಯೆತ್ತುವುದರಿಂದ ತಿಳಿಯುವ ಅಗತ್ಯ ನಿಮಗಿಂತ ಅವರಿಗೇ ಹೆಚ್ಚು. ನಡುರಾತ್ರಿ ಯಾರಿಗಾದರೂ ತಡೆಯಲಾಗದೆ ಹೋದರೆ 14416ಕ್ಕೆ ಕರೆ ಮಾಡಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಉಚಿತ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡುತ್ತಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಚಿಂಚವಡ)

ನಮ್ಮ ಮನೆಯಲ್ಲಿಯೂ ಇಂಥದೇ ಒಂದಿದೆ. ಮಗನಿಗೆ ಸಂಬಂಧ ನೋಡುತ್ತಿದ್ದೇವೆ. ಅವನ ಅಜ್ಜನ ಕಾಯಿಲೆಯನ್ನು ಹುಡುಗಿಯ ಕಡೆಯವರಿಗೆ ಹೇಳದಿದ್ದರೆ ಕಾನೂನಿನ ತೊಡಕಾಗುತ್ತದೆಯೇ?

ಉತ್ತರ

1955ರ ಹಿಂದೂ ವಿವಾಹ ಕಾಯ್ದೆಯ ಐದನೆಯ ಕಲಮು ಮಾತಾಡುವುದು ಮದುವೆಯಾಗುವವರ ಸ್ವಂತ ಮಾನಸಿಕ ಸ್ಥಿತಿಯ ಬಗ್ಗೆ, ಅಜ್ಜನ ಬಗ್ಗೆ ಅಲ್ಲ. ಹುಡುಗನಿಗೇ ಕಾಯಿಲೆ ಇದ್ದು ಮುಚ್ಚಿಟ್ಟರೆ ಮಾತು ಬೇರೆ. ಆದರೂ ಹುಡುಗ ಹುಡುಗಿ ಇಬ್ಬರೇ ಮಾತಾಡುವಾಗ ಅವನೇ ಹೇಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹಿರಿಯರು ತುಂಬಿ ಕುಳಿತ ಜಾಗದಲ್ಲಿ ಇದು ಒಂದು ಮನೆತನದ ಕಳಂಕವಾಗಿ ಕೇಳಿಸುತ್ತದೆ. ನೋಡುತ್ತಿರುವುದು ಸೋದರಿಕೆಯ ಸಂಬಂಧವಾಗಿದ್ದರೆ ಮಾತ್ರ ಇನ್ನೊಂದು ಲೆಕ್ಕವಿದೆ: ಆಗ ಆ ಅಜ್ಜ ಹುಡುಗಿಯ ಕಡೆಗೂ ಹತ್ತಿರದವರೇ ಆಗಿರಬಹುದು, ಹಾಗಿದ್ದರೆ ಹುಟ್ಟುವ ಮಕ್ಕಳಿಗೆ ಆ ಒಲವು ಎರಡೂ ಕಡೆಯಿಂದ ಬರಬಹುದು. ಹಾಗಿದ್ದಲ್ಲಿ ಮಾತು ಮುಂದುವರಿಸುವ ಮೊದಲೇ ಇಬ್ಬರನ್ನೂ ಕೂರಿಸಿಕೊಂಡು ವೈದ್ಯರೊಬ್ಬರ ಬಳಿ ಮಾತಾಡಿರಿ.