ಮೊಣಕೈ ತಾಗಿದ್ರೆ ಕಿರುಬೆರಳು ಯಾಕೆ ಜುಮ್ ಅನ್ನುತ್ತೆ? (ನರಗಳ ಬಗ್ಗೆ ಡೌಟ್)

ನರ್ಸಿಂಗ್_ಫಸ್ಟ್_ಇಯರ್:
ಎಲ್ರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ಬಿಎಸ್ಸಿ ನರ್ಸಿಂಗ್. 12 ಜೊತೆ ಕ್ರೇನಿಯಲ್ ನರ (ಮೆದುಳಿಂದ ಹೊರಡೋವು), 31 ಜೊತೆ ಸ್ಪೈನಲ್ ನರ (ಬೆನ್ನುಹುರಿಯಿಂದ ಹೊರಡೋವು) ಅಂತ ಬಾಯಿಪಾಠ ಆಗಿದೆ, ಆದ್ರೆ ಅವು ಮೈಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗ್ತವೆ ಅಂತ ಕಣ್ಣಿಗೆ ಕಟ್ತಾನೇ ಇಲ್ಲ. ಕತ್ತಲ್ಲಿ ಮೂಳೆ ಇರೋದು 7, ನರ ಮಾತ್ರ 8 ಜೊತೆ, ಅದು ಹೇಗೆ? ಇನ್ನೊಂದು, ಮೊಣಕೈ ಬಾಗಿಲಿಗೆ ತಾಗಿದ್ರೆ ಕರೆಂಟ್ ಹೊಡೆದಂಗಾಗಿ ಕಿರುಬೆರಳು, ಉಂಗುರದ ಬೆರಳಿನ ಒಂದು ಪಕ್ಕ ಜುಮ್ ಅನ್ನುತ್ತೆ. ಹೆಬ್ಬೆರಳಿಗೆ ಏನೂ ಆಗಲ್ಲ. ಪೆಟ್ಟು ಬಿದ್ದಿದ್ದು ಮೊಣಕೈಗೆ ತಾನೇ?

ಫಿಸಿಯೋ_ಮೈಸೂರು:
ಮೊದಲನೇದು ಸುಲಭ. ಕತ್ತಿನ ಮೊದಲನೇ ನರ ಮೊದಲನೇ ಮೂಳೆಯ ಮೇಲಿಂದ, ಅಂದ್ರೆ ತಲೆಬುರುಡೆಗೂ ಅದಕ್ಕೂ ಮಧ್ಯದಿಂದ ಹೊರಗೆ ಬರುತ್ತೆ, 8ನೇದು 7ನೇ ಮೂಳೆಯ ಕೆಳಗಿಂದ. ಅಲ್ಲಿಂದ ಮುಂದೆ ಎಲ್ಲಾ ನರಾನೂ ತನ್ನ ನಂಬರಿನ ಮೂಳೆಯ ಕೆಳಗಿಂದಾನೇ ಬರೋದು. ಹಂಗಾಗಿ ಕತ್ತು 8, ಎದೆ 12, ಸೊಂಟ 5, ಸೇಕ್ರಲ್ (ಸೊಂಟದ ಕೆಳಗಿನ ತ್ರಿಕೋನ ಮೂಳೆ) 5, ಕೊನೇದು, ಬಾಲದ ಮೂಳೆ ಹತ್ರ, 1.

ಎರಡನೇದಕ್ಕೆ ಪುಸ್ತಕ ಪಕ್ಕಕ್ಕಿಡಿ. ಮೊಣಕೈ ಅರ್ಧ ಮಡಚಿ, ಒಳಬದಿಯಲ್ಲಿ ಒಂದು ಮೂಳೆ ಉಬ್ಬು ಸಿಗುತ್ತೆ, ಅದರ ಹಿಂದಿನ ತೋಡಲ್ಲಿ ಬೆರಳು ಮೆಲ್ಲಗೆ ಆಡಿಸಿ, ದಾರದ ಹಾಗೆ ಜಾರುತ್ತಲ್ಲ, ಅದೇ ಅಲ್ನಾರ್ ನರ. ಅಲ್ಲಿ ಅದರ ಮೇಲೆ ಚರ್ಮ, ತೆಳು ಪೊರೆ ಬಿಟ್ರೆ ಹೆಚ್ಚೇನೂ ಇಲ್ಲ, ಕೆಳಗೆ ನೇರ ಮೂಳೆ, ಅದಕ್ಕೇ ಪೆಟ್ಟು ತಾಗೋದು. ಅದು ಮುಖ್ಯವಾಗಿ ಸಿ8 (ಕತ್ತಿನ 8ನೇ ನರ), ಟಿ1 (ಎದೆಯ 1ನೇ ನರ) ಬೇರುಗಳಿಂದ ಹೊರಟು ಕಂಕುಳ ಹತ್ರ ಬ್ರೇಕಿಯಲ್ ಪ್ಲೆಕ್ಸಸ್, ಅಂದ್ರೆ ತೋಳಿನ ನರಗಳು ಹೆಣೆದುಕೊಂಡಿರೋ ಬಲೆ, ದಾಟಿ ಬರುತ್ತೆ. ಅದರೊಳಗಿನ ಎಳೆಗಳು ಕಿರುಬೆರಳಿಗೆ ಹೋಗೋವು, ದಾರಿ ಮಧ್ಯೆ ಎಲ್ಲೇ ಕೆರಳಿಸಿದ್ರೂ ಮೆದುಳಿಗೆ ಅದು ಬೆರಳಿಂದ ಬಂದಂಗೇ ಕೇಳಿಸುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಅಂಗೈ ಬದಿ ನೋಡ್ಕೊಳ್ಳೋದು ಮೀಡಿಯನ್ ನರ, ಅದು ಮೊಣಕೈ ಮುಂದುಗಡೆಯಿಂದ ಇಳಿಯುತ್ತೆ, ಹಾಗಾಗಿ ಬಾಗಿಲಿಗೆ ಸಿಗಲ್ಲ.

ಧಾರವಾಡದಾಂವ:
ಸರ್ ಹೇಳಿದ್ದು ಖರೆ. ನಾನೂ ಒಂದು ಮಾತು ಸೇರಸ್ತೀನ್ರಿ, ನರ್ಸಿಂಗ್ ಮಾಡೋರಿಗೆ ಭಾಳ ಬೇಕಾಗ್ತೈತಿ. ಕುಷ್ಠರೋಗದ ತಪಾಸಣಿ ಮಾಡೂವಾಗ ಅದs ಜಾಗಾ ಮುಟ್ಟಿ ನೋಡ್ತಾರ. ಆ ರೋಗದಾಗ ಈ ನರ ದಪ್ಪ ಆಗಿರ್ತೈತಿ, ಮುಟ್ಟಿದ್ರ ನೋವೂ ಬರಬಹುದು. ಎರಡೂ ಕಡೆ ಹೋಲಿಸಿ ನೋಡ್ಬೇಕು. ಬಿಟ್ರ ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡು ಉಳೀತಾವ. ಲಗೂನ ಔಷಧ ಸುರು ಮಾಡಿದ್ರ ಕೈ ಉಳಿಸಬಹುದು, ಅದಕ್ಕs ನಾ ಇಷ್ಟು ಒತ್ತಿ ಹೇಳಾಕತ್ತೀನಿ.

ನರ್ಸಿಂಗ್_ಫಸ್ಟ್_ಇಯರ್:
ಮುಟ್ಟಿ ನೋಡ್ದೆ, ಸಿಕ್ತು!! ತುಂಬಾ ಥ್ಯಾಂಕ್ಸ್ ಇಬ್ರಿಗೂ. ಹಂಗಾದ್ರೆ ಅಲ್ಲಿ ಗಾಯ ಆಗಿ ನರ ಕಟ್ ಆದ್ರೆ ಸ್ಪರ್ಶ ಹೋಗುತ್ತಾ, ಶಕ್ತಿ ಹೋಗುತ್ತಾ?

ಅನಾಟಮಿ_ಮೇಡಂ:
ಎರಡೂ ಹೋಗುತ್ತೆ ಕಣಮ್ಮ. ಬೆನ್ನುಹುರಿ ಹತ್ರ ಮಾತ್ರ ಬೇರೆ ಬೇರೆ, ಹಿಂದಿನ ಬೇರು ಸ್ಪರ್ಶ-ನೋವು ಒಳಗೆ ತರೋದು, ಮುಂದಿನ ಬೇರು ಸ್ನಾಯುಗಳಿಗೆ ಆಜ್ಞೆ ಹೊರಗೆ ಒಯ್ಯೋದು. ಅವೆರಡೂ ಸೇರಿ ಸ್ಪೈನಲ್ ನರ ಆದ್ಮೇಲೆ ಎಳೆಗಳೆಲ್ಲಾ ಒಟ್ಟಿಗೇ ಸಾಗ್ತವೆ. ಹೊಲಿದು ಜೋಡಿಸಿದ್ರೆ ಎಳೆ ಮತ್ತೆ ಬೆಳೆಯುತ್ತೆ, ಎಳೆಗಳ ಸುತ್ತ ಹೊದಿಕೆ ಆಗಿರೋ ಷ್ವಾನ್ ಕೋಶಗಳು ದಾರಿ ತೋರಿಸ್ತವೆ, ಬೆನ್ನುಹುರಿ ಒಳಗೆ ಈ ಅನುಕೂಲ ಇಲ್ಲ. ಆದ್ರೆ ವೇಗ ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್. ಮೊಣಕೈಯಿಂದ ಅಂಗೈಗೆ ಬರೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಅಲ್ಲಿನ ಸಣ್ಣ ಸ್ನಾಯುಗಳು ಸೊರಗಿರ್ತವೆ.

ಇನ್ನೊಂದು, ಪರೀಕ್ಷೇಲಿ ಎಲ್ರೂ ಎಡವೋದು ಇಲ್ಲೇ. ಹೆಬ್ಬೆರಳಿನ ಚರ್ಮ ಅಲ್ನಾರ್ ನರದ್ದಲ್ಲ, ಆದ್ರೆ ಹೆಬ್ಬೆರಳನ್ನ ತೋರುಬೆರಳಿನ ಕಡೆಗೆ ಒತ್ತೋ ಸ್ನಾಯು ಅದರದ್ದೇ! ಒಂದು ಹಾಳೆಯನ್ನ ಈ ಎರಡು ಬೆರಳ ಮಧ್ಯೆ ನೇರವಾಗಿ ಹಿಡಿದು, ಸ್ನೇಹಿತೆಗೆ ಎಳೆಯೋಕೆ ಹೇಳು. ಅಲ್ನಾರ್ ನರ ಸೋತಿರೋ ಪೇಷಂಟ್ ಹಾಳೆ ಜಾರದಂಗೆ ಹೆಬ್ಬೆರಳಿನ ತುದಿ ಗೆಣ್ಣು ಮಡಚ್ತಾರೆ, ಯಾಕಂದ್ರೆ ಆ ಗೆಣ್ಣು ಮಡಚೋ ಸ್ನಾಯು ಮೀಡಿಯನ್ ನರದ್ದು.